ಒಣಗದ ಬಿಲ್ಲೆಗಳು

ಆಸ್ಪತ್ರೆಯ ಹಿಂಗೋಡೆಗೆ ಹಬ್ಬಿದ್ದ ಬಳ್ಳಿಯಿಂದ ಎಲೆ ಬಿಡಿಸುತ್ತ ಅವಳು ಕಬ್ಬಿಣದ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಾಗ, ಕೆಳಗಿನಿಂದ ಯಾರೋ ಬಹಳ ಮರ್ಯಾದೆಯಿಂದ ಕೇಳಿದರು:

"ಮನೇಲಿ ಮೇಕೆ ಎಷ್ಟಿವೆ?"

ತಿರುಗಿ ನೋಡಿದಳು. ತೋಳು ಮಡಚಿದ ನೀಲಿ ಅಂಗಿ, ಕತ್ತಿನಲ್ಲಿ ಸಡಿಲವಾಗಿ ನೇತಾಡುವ ಮಾಸ್ಕು, ಕೈಯಲ್ಲಿ ಮುಚ್ಚಳದ ಟ್ರೇ. ಗಾಯಗಳಿಗೆ ಪಟ್ಟಿ ಕಟ್ಟುವ ಕೋಣೆಯ ನರ್ಸು ಅವನು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ, ನಗುವೆಲ್ಲ ಕಣ್ಣಿನೊಳಗೆ ಬಚ್ಚಿಟ್ಟುಕೊಂಡಿತ್ತು.

"ಮೇಕೆಗಲ್ಲ, ಕ್ರಿಮಿಗಳಿಗೆ," ಅಂದಳು.

"ಕ್ರಿಮಿಗಳಿಗೆ ಊಟ ಹಾಕ್ತೀರಾ? ನಾವಿಲ್ಲಿ ದಿನಾ ಅವನ್ನ ಸಾಯಿಸೋಕೆ ಒದ್ದಾಡ್ತಿದ್ದೀವಿ."

"ನಾನೂ ಅದಕ್ಕೇ ಒದ್ದಾಡ್ತಿರೋದು. ಈ ಸ್ಟೂಲು ಸ್ವಲ್ಪ ಹಿಡ್ಕೊಳ್ಳಿ, ಅಲ್ಲಾಡ್ತಿದೆ."

ಅವನು ಟ್ರೇಯನ್ನು ಕಿಟಕಿಯ ಅಂಚಿಗಿಟ್ಟು ಸ್ಟೂಲನ್ನು ಹಿಡಿದ. ಹಿಡಿದ ಮೇಲೆ ಸ್ಟೂಲು ನಿಂತಿತು. ಅವಳ ಕೈಯೇ ಯಾಕೋ ಹಸಿರೆಲೆ ಬಿಟ್ಟು ಒಣಗಿದ ಎಲೆ ಕೀಳಲು ಶುರುಮಾಡಿತು. ಇದೇನಪ್ಪಾ ಎಂದು ಅವಳಿಗೇ ಅರ್ಥವಾಗಲಿಲ್ಲ. ಆಡಿಸುವವನು ಮೇಲೆ ಕೂತು ಆಟ ಶುರುಮಾಡುವಾಗ ಯಾರಿಗೂ ಹೇಳಿ ಶುರುಮಾಡುವುದಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಗೆ ಅಂಟಿಕೊಂಡ ಕಾಲೇಜಿನ ಲ್ಯಾಬಿನಲ್ಲಿ. ಕೀವು ತುಂಬಿ ಯಾವ ಔಷಧಿಗೂ ಬಗ್ಗದ ಗಾಯಗಳಿಗೆ ಗಿಡಗಳಲ್ಲಿ ಏನಾದರೂ ಮದ್ದಿದೆಯೇ ಎಂದು ಹುಡುಕುವುದು ಅವಳ ಸಂಶೋಧನೆ. ಗಾಯಕ್ಕೆ ತಾಗಿಸಿದ ಹತ್ತಿಕಡ್ಡಿ ವಾರ್ಡಿನಿಂದ ಬರುತ್ತದೆ. ಅದರಲ್ಲಿರುವ ಕ್ರಿಮಿಯನ್ನು ಅವಳು ಗಾಜಿನ ತಟ್ಟೆಯಲ್ಲಿ ಅದು ಬೆಳೆಯಲೆಂದು ಹಾಕಿದ ಲೋಳೆಯ ಮೇಲೆ ಸವರುತ್ತಾಳೆ. ಎಲೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ತೆಗೆದು, ಗುಂಡನೆಯ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರಲ್ಲಿ ಅದ್ದುತ್ತಾಳೆ. ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಸ್ಪಿರಿಟ್ಟು ಪೂರ್ತಿ ಆರಿದ ಮೇಲೆ, ಆ ಬಿಲ್ಲೆಗಳನ್ನು ಕ್ರಿಮಿಗಳ ನಡುವೆ ಇಟ್ಟು ಮುಚ್ಚಿ, ತಟ್ಟೆಯನ್ನು ರಾತ್ರಿಯಿಡೀ ಬೆಚ್ಚಗಿಡುತ್ತಾಳೆ. ಮರುದಿನ ತಟ್ಟೆಯ ತುಂಬ ಮಂಜು ಕವಿದ ಹಾಗೆ ಕ್ರಿಮಿ ಬೆಳೆದಿರುತ್ತದೆ. ಎಲೆಯಲ್ಲಿ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಮಾತ್ರ ಒಂದು ತಿಳಿಯಾದ ವೃತ್ತ, ಮೋಡ ಸರಿದು ಆಕಾಶ ಕಂಡ ಹಾಗೆ.

ಸ್ಪಿರಿಟ್ಟು ತಾನೂ ಕ್ರಿಮಿಯನ್ನು ಕೊಲ್ಲಬಲ್ಲದು. ಆದ್ದರಿಂದ ಬರೀ ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಿದ ಒಂದು ಖಾಲಿ ಬಿಲ್ಲೆಯನ್ನೂ ಪ್ರತಿ ತಟ್ಟೆಯಲ್ಲಿ ಸಾಕ್ಷಿಗೆ ಇಡಬೇಕು. ಅದರ ಸುತ್ತ ವೃತ್ತ ಮೂಡದೆ ಎಲೆಯ ಬಿಲ್ಲೆಯ ಸುತ್ತ ಮೂಡಿದರೆ, ಗುಣ ಎಲೆಯದೇ ಎಂದು ಧೈರ್ಯವಾಗಿ ಹೇಳಬಹುದು. ಈ ಖಾಲಿ ಬಿಲ್ಲೆಗಳನ್ನು ಅವಳು ಎಂದೋ ಒಮ್ಮೆ ರಾಶಿಗಟ್ಟಲೆ ಮಾಡಿ, ಚೆನ್ನಾಗಿ ಒಣಗಿಸಿ, ಬಾಟಲಿಯಲ್ಲಿ ತುಂಬಿಟ್ಟಿದ್ದಳು. ಎಲೆಯ ಬಿಲ್ಲೆಗಳನ್ನು ಮಾತ್ರ ಅಂದಂದೇ ಮಾಡುತ್ತಿದ್ದಳು.

ಹತ್ತಿಕಡ್ಡಿಗಳನ್ನು ತರುವುದು ವಾರ್ಡಿನ ಅಟೆಂಡರನ ಕೆಲಸ. ಸ್ಟೂಲು ಹಿಡಿದ ದಿನದಿಂದ ಆಗಾಗ ನರ್ಸೇ ತರತೊಡಗಿದ.

"ಅಟೆಂಡರ್‌ಗೆ ಏನಾಯ್ತು?" ಎಂದು ಅವಳು ಕೇಳಿದಳು.

"ಸೊಂಟ ನೋವಂತೆ."

"ನಿನ್ನೆ ಮಂಚ ಹೊತ್ಕೊಂಡು ಹೋಗ್ತಿದ್ರು."

"ಅದಕ್ಕೇ ಇವತ್ತು ಸೊಂಟ ನೋವು."

ಹೇಳಿ ಅವನು ಮುಖ ಗಂಭೀರ ಮಾಡಿಕೊಂಡು ಗೋಡೆಯ ಮೇಲಿನ ಗಡಿಯಾರವನ್ನು ನೋಡಿದ. ಗಡಿಯಾರ ನಿಂತು ಬಹಳ ಕಾಲವಾಗಿತ್ತು. ಅದು ಅವನಿಗೆ ಕಾಣಿಸಲಿಲ್ಲ.

ಲ್ಯಾಬಿನಲ್ಲಿ ಗಾಜು ತೊಳೆಯುವ ಅಕ್ಕ ಒಬ್ಬಳಿದ್ದಳು. ಅಕ್ಕನ ಕೈ ನಲ್ಲಿಯ ಕೆಳಗಿದ್ದರೂ ಕಣ್ಣು ಎಲ್ಲ ಕಡೆ ಇರುತ್ತಿತ್ತು. ನರ್ಸು ಕಡ್ಡಿಗಳನ್ನು ಕೊಟ್ಟು, ಕೈತೊಳೆದು ಬಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಅವಳು ಆ ದಿನದ ತಟ್ಟೆಗಳನ್ನು ಮುಗಿಸಿ ಹೊರಗೆ ಬಂದು, ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದರು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ, ಹಕ್ಕಿಮರಿ ಹಿಡಿದ ಹಾಗೆ. ಈ ಕೈಗಳಲ್ಲಿ ಪಟ್ಟಿ ಕಟ್ಟಿಸಿಕೊಂಡರೆ ನೋವಾಗಲಿಕ್ಕಿಲ್ಲ ಎಂದು ಒಮ್ಮೆ ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಗಾಯವೇ ಇಲ್ಲದವಳಿಗೆ ಪಟ್ಟಿಯ ಯೋಚನೆ ಯಾಕೆ?

ಬಳ್ಳಿಯ ಎಲೆ ಅವಳನ್ನು ಇನ್ನೊಂದು ಗೊಂದಲಕ್ಕೆ ತಳ್ಳಿತು. ಒಮ್ಮೆ ಬಿಲ್ಲೆಯ ಸುತ್ತ ವೃತ್ತ ಮೂಡುತ್ತಿತ್ತು, ಇನ್ನೊಮ್ಮೆ ಇಲ್ಲ. ಅದೇ ಬಳ್ಳಿ, ಅದೇ ಸಾರ, ಕೆಲವೊಮ್ಮೆ ಅದೇ ರೋಗಿಯ ಕ್ರಿಮಿ. ಸಾಕ್ಷಿಯ ಬಿಲ್ಲೆ ಯಾವತ್ತೂ ಮಂಜಿನಲ್ಲೇ ಮುಳುಗಿರುತ್ತಿತ್ತು. ಹಾಗಾದರೆ ಗುಣ ಎಲೆಯದೇ. ಎಲೆಗೆ ಒಂದು ದಿನ ಮನಸ್ಸಿದ್ದು ಇನ್ನೊಂದು ದಿನ ಮುನಿಸು ಬರುತ್ತದೆಯೇ? ಬಿಸಿಲಿಗೆ ಕಿತ್ತ ಎಲೆ, ನೆರಳಿಗೆ ಕಿತ್ತ ಎಲೆ, ಎಳೆಯದು, ಬಲಿತದ್ದು, ಎಲ್ಲ ಮಾಡಿ ನೋಡಿದಳು. ಲೆಕ್ಕ ಹತ್ತಲಿಲ್ಲ.

"ನಾನೊಂದು ಹೇಳ್ಲಾ?" ಎಂದು ಗಾಜಿನ ಅಕ್ಕ ಕೇಳಿದಳು. "ಅವನು ಬಂದ ದಿನದ ತಟ್ಟೆಯಲ್ಲೇ ವೃತ್ತ ಬರೋದು. ಅಟೆಂಡರ್ ಬಂದ ದಿನ ಬರಲ್ಲ. ತೊಳೆಯೋಳು ನಾನಲ್ವಾ, ನೋಡಿದ್ದೀನಿ."

"ಸುಮ್ನಿರಕ್ಕ."

"ಕ್ರಿಮಿಗಳಿಗೂ ನಾಚಿಕೆ ಇರತ್ತಮ್ಮ. ನೀವಿಬ್ರೂ ಇದ್ದೀರಿ ಅಂತ ಒಂಚೂರು ದೂರ ಸರಿದು ಕೂರ್ತವೆ."

ಅವಳ ಕಿವಿ ಬಿಸಿಯಾಯಿತು. ನಕ್ಕು ತಳ್ಳಿಹಾಕಿದಳು. ಆದರೆ ಬೆಳಿಗ್ಗೆ ತಟ್ಟೆಗಳಿರುವ ಪೆಟ್ಟಿಗೆಯ ಬಾಗಿಲು ತೆಗೆಯುವ ಮುಂಚೆ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ಅವಳ ರೂಢಿ. ಮರುದಿನ ಹಾಗೆ ಕಣ್ಣು ಮುಚ್ಚಿದಾಗ, ತಾನು ಕೇಳಿಕೊಳ್ಳುತ್ತಿರುವುದು ವೃತ್ತವನ್ನೋ ಅವನನ್ನೋ ಎಂದು ಗೊತ್ತಾಗದೆ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ದೇವರಿಗಾದರೂ ತಿಳಿದಿರಬೇಕು ಎಂದು ಅವನ ಮೇಲೇ ಭಾರ ಹಾಕಿದಳು.

ಒಂದು ದಿನ ಅವನು ಟೀ ಮುಟ್ಟಲಿಲ್ಲ.

"ನನ್ನ ಸೋದರತ್ತೆ ವಾರ್ಡಿನಲ್ಲಿದ್ದಾರೆ," ಅಂದ. "ಅಪ್ಪ ಅಮ್ಮ ಹೋದ ಮೇಲೆ ನನ್ನ ಸಾಕಿದವರು. ಬಟ್ಟೆ ಹೊಲೀತಾರೆ. ಕತ್ತರಿ ಕಾಲ ಮೇಲೆ ಬಿತ್ತು, ಸಕ್ಕರೆ ಕಾಯಿಲೆ ಬೇರೆ, ಗಾಯ ಮಾಯಲಿಲ್ಲ. ಎರಡು ಬೆರಳು ತೆಗೀಬೇಕು ಅಂತಾರೆ ಸರ್ಜನ್ನು. ಅತ್ತೆ ಒಪ್ತಿಲ್ಲ. ನಿಮ್ಮ ಎಲೆ ವಿಷಯ ನಾನೇ ಹೇಳಿಬಿಟ್ಟೆ. ಒಂದ್ಸಲ ಬಂದು ಮಾತಾಡ್ತೀರಾ?"

ಓಹೋ, ಇದಕ್ಕೋ ಇವನು ಬರುತ್ತಿದ್ದದ್ದು. ಬೆಂಚು, ಟೀ, ಅಟೆಂಡರನ ಸೊಂಟ, ಎಲ್ಲ ಅತ್ತೆಯ ಕಾಲಿಗಾಗಿ. ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿಲ್ಲದ ವಿಷಯಕ್ಕೆ ಇಷ್ಟು ನೋವು ಯಾಕೆಂದು ತಿಳಿಯದೆ ಅವಳು ಅವನ ಹಿಂದೆ ನಡೆದಳು.

ಸೋದರತ್ತೆ ಮಂಚದ ಮೇಲೆ ದಿಂಬಿಗೊರಗಿ, ಪಕ್ಕದ ಮಂಚದವಳ ರವಿಕೆಗೆ ಗುಂಡಿ ಹಾಕುತ್ತಿದ್ದಳು. ಪಟ್ಟಿ ಸುತ್ತಿದ ಕಾಲು ಮಡಿಸಿದ ಕಂಬಳಿಯ ಮೇಲಿತ್ತು.

"ಇವಳೇನೋ ಮೇಕೆ ಮೇಡಂ? ನೀನು ಹೇಳಿದ್ದಕ್ಕಿಂತ ಗಿಡ್ಡ ಇದ್ದಾಳೆ."

"ಅತ್ತೆ."

"ನಾನೇನು ಸುಳ್ಳು ಹೇಳಿದ್ನಾ? ಕೂತ್ಕೋ ತಾಯಿ. ನಾನು ಈ ಕಾಲಲ್ಲೇ ಮಷೀನು ತುಳಿಯೋದು. ಬೆರಳು ಹೋದ್ರೆ ಹಿಡಿತ ಹೋಯ್ತು. ನಿನ್ನ ಎಲೆ ಕೆಲಸ ಮಾಡತ್ತೋ ಇಲ್ವೋ, ಅಷ್ಟು ಹೇಳು."

ಅವಳು ಅತ್ತೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನ ಕಣ್ಣಿನಲ್ಲಿ ನಗುವಿನ ಜಾಗದಲ್ಲಿ ಬೇರೇನೋ ಇತ್ತು, ಬೇಡಿಕೆಯೋ ಹೆದರಿಕೆಯೋ. ಇನ್ನೂ ಗೊತ್ತಿಲ್ಲ ಎನ್ನುವುದು ನಿಜವಾದ ಉತ್ತರ. ಅದು ನಾಲಿಗೆಯ ತುದಿಗೂ ಬಂದಿತ್ತು.

"ಇನ್ನೂ ಪರೀಕ್ಷೆ ಮುಗಿದಿಲ್ಲ," ಅಂದಳು. "ಆದ್ರೆ ವೃತ್ತ ಮೂಡ್ತಾ ಇದೆ."

ಮೊದಲ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆ ದಾರ ಕಚ್ಚಿ ತುಂಡು ಮಾಡಿ, "ಹಾಗಾದ್ರೆ ಸರ್ಜನ್ನಿಗೆ ಕಾಯೋಕೆ ಹೇಳು," ಎಂದು ಅಳಿಯನಿಗೆ ಹೇಳಿದಳು. ಅವನು ಬೇಡವೆನ್ನಲಿಲ್ಲ. ಬೇಡವೆನ್ನಲಿಲ್ಲವೇಕೆ ಎಂದು ಅವಳಿಗೆ ಆಗ ಹೊಳೆಯಲೂ ಇಲ್ಲ.

ಅದಾದ ಮೇಲೆ ಅವನು ಇನ್ನೂ ಹೆಚ್ಚು ಸಲ ಬರತೊಡಗಿದ. ವೃತ್ತಗಳೂ ಹೆಚ್ಚಾದವು. ಆದರೆ ಅವನ ಮುಖ ದಿನದಿನಕ್ಕೆ ಬಾಡುತ್ತಿತ್ತು.

"ಪಟ್ಟಿ ಬಿಚ್ಚಿದಾಗ ವಾಸನೆ ಜಾಸ್ತಿಯಾಗಿದೆ," ಎಂದು ಒಂದು ದಿನ ಹೇಳಿದ. "ಇವತ್ತು ಸ್ವಲ್ಪ ಜ್ವರ."

ಅದೇ ದಿನ ಸಾಕ್ಷಿಯ ಬಿಲ್ಲೆಗಳ ಬಾಟಲಿ ಖಾಲಿಯಾಗಿತ್ತು. ಹೊಸದಾಗಿ ಒಂದಷ್ಟು ಖಾಲಿ ಬಿಲ್ಲೆಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಎಲೆಯ ಬಿಲ್ಲೆಗಳ ಜೊತೆಗೇ ಒಣಗಲು ಇಟ್ಟಳು, ಜೊತೆಗೇ ತೆಗೆದಳು. ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ.

ಮರುದಿನ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಎಲೆಯ ಬಿಲ್ಲೆಯ ಸುತ್ತ ವೃತ್ತವಿತ್ತು. ಖಾಲಿ ಬಿಲ್ಲೆಯ ಸುತ್ತಲೂ ವೃತ್ತವಿತ್ತು. ಎರಡೂ ಒಂದೇ ಅಳತೆಯವು, ಅವಳಿಜವಳಿ ಮಕ್ಕಳಂತೆ.

ಅವಳು ಸ್ಟೂಲಿನ ಮೇಲೆ ಕೂತಳು. ನಲ್ಲಿಯ ಸದ್ದು ಎಲ್ಲೋ ದೂರದಿಂದ ಕೇಳಿಸಿತು. ಕೊಂದದ್ದು ಎಲೆಯಲ್ಲ, ಆರದೆ ಉಳಿದ ಸ್ಪಿರಿಟ್ಟು. ಆದರೆ ಆರದೆ ಯಾಕೆ ಉಳಿಯಿತು? ಒಣಗಿಸುವುದು ಅವಳಿಗೆ ಗೊತ್ತಿಲ್ಲದ ವಿದ್ಯೆಯೇ?

ಆ ದಿನ ಎಲೆಯದೂ ಖಾಲಿಯದೂ ಹೊಸ ಬಿಲ್ಲೆಗಳನ್ನು ಪೂರ್ತಿ ಒಣಗಿಸಿ ತಟ್ಟೆಗಿಟ್ಟಳು. ಮಾರನೆಯ ದಿನ ಎಲ್ಲೂ ವೃತ್ತವಿರಲಿಲ್ಲ. ತಟ್ಟೆಯ ಈ ಅಂಚಿನಿಂದ ಆ ಅಂಚಿನವರೆಗೆ ಬರೀ ಮಂಜು.

ಗಾಜಿನ ಅಕ್ಕ ಹಿಂದೆ ಬಂದು ನಿಂತಿದ್ದಳು. "ನಿನ್ನೆ ಅವನು ಬಂದಿರಲಿಲ್ಲ," ಎಂದು ಮೆತ್ತಗೆ ಅಂದಳು. ಈ ಸಲ ಅದು ತಮಾಷೆಯಾಗಿರಲಿಲ್ಲ.

ಆಗ ಅವಳಿಗೆ ತನ್ನ ಕೈಗಳೇ ಕಣ್ಣಮುಂದೆ ಬಂದವು. ಅವನು ಬಂದ ದಿನ ಬಾಗಿಲ ಹೊರಗೆ ಬೆಂಚು ಕಿರುಗುಟ್ಟುತ್ತಿತ್ತು. ಅವನು ಕಾಯುತ್ತಿದ್ದಾನೆ, ಟೀ ಆರುತ್ತದೆ, ವಾರ್ಡಿಗೆ ವಾಪಸ್ಸು ಕರೆದುಬಿಟ್ಟರೆ ಗತಿಯೇನು ಎಂದು ಕೈ ಪೆಟ್ಟಿಗೆಯ ಬಾಗಿಲನ್ನು ಬೇಗ ತೆಗೆಯುತ್ತಿತ್ತು. ಸಾಕು, ಒಣಗಿದೆ ಎಂದು ಬೆರಳು ಹೇಳುತ್ತಿತ್ತು. ಅವಳು ನಂಬುತ್ತಿದ್ದಳು. ಅಟೆಂಡರ್ ಬಂದ ದಿನ ಯಾವ ಅವಸರವೂ ಇರುತ್ತಿರಲಿಲ್ಲ.

ಅವಳು ಪ್ರೀತಿಸುತ್ತಿದ್ದಾಳೆ ಎಂಬ ಸಂಗತಿಯನ್ನು ಅವಳಿಗಿಂತ ಮೊದಲು ತಟ್ಟೆಗಳು ಕಂಡುಹಿಡಿದಿದ್ದವು.

ಅವಳಿಗೆ ನಗು ಬಂತು, ನಗು ಅಳುವಾಯಿತು. ಬಾಯಿಬಿಟ್ಟರೆ ಅವನ ಮುಖ ಮತ್ತೆ ನೋಡುವಂತಿಲ್ಲ. ಬಾಯಿಬಿಡದಿದ್ದರೆ ಆ ಕಾಲಿನ ಕೀವು ಬೆರಳಲ್ಲಿ ನಿಲ್ಲುವುದಿಲ್ಲ, ಮೇಲೆ ಏರುತ್ತದೆ. ಕಣ್ಣು ಮುಚ್ಚಿದಳು. ಯಾವ ಪ್ರಾರ್ಥನೆಯೂ ಬರಲಿಲ್ಲ. ಕಣ್ಣೊರೆಸಿಕೊಂಡು ವಾರ್ಡಿನ ಕಡೆ ನಡೆದಳು.

ಪಟ್ಟಿ ಕಟ್ಟುವ ಕೋಣೆಯಲ್ಲಿ ಅವನು ಒಬ್ಬನೇ ಇದ್ದ, ಬ್ಯಾಂಡೇಜಿನ ಸುರುಳಿಗಳನ್ನು ಜೋಡಿಸುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು. ಅದು ಅರಳಿದ್ದನ್ನು ನೋಡಬಾರದಿತ್ತು ಎನಿಸಿತು ಅವಳಿಗೆ.

"ಎಲೆ ಕೆಲಸ ಮಾಡಲ್ಲ," ಅಂದಳು. "ಅದು ಎಲೆಯ ವೃತ್ತ ಅಲ್ಲ. ಬಿಲ್ಲೆ ಸರಿಯಾಗಿ ಒಣಗಿರಲಿಲ್ಲ. ಸ್ಪಿರಿಟ್ಟು ಉಳಿದಿತ್ತು. ತಪ್ಪು ನಂದು. ಅತ್ತೆಗೆ ಇವತ್ತೇ ಆಪರೇಷನ್ ಮಾಡ್ಸಿ."

ಸುರುಳಿಯೊಂದು ಅವನ ಕೈಯಿಂದ ಜಾರಿ, ನೆಲದ ಮೇಲೆ ಬಿಚ್ಚಿಕೊಳ್ಳುತ್ತ ಹೋಗಿ ಗೋಡೆಗೆ ತಾಗಿ ನಿಂತಿತು.

"ಒಣಗಿಸೋದು ಅಂದ್ರೆ ಏನು ದೊಡ್ಡ ಕೆಲಸ?" ಅವನ ದನಿ ಏರಲಿಲ್ಲ, ಇಳಿಯಿತು. "ಸುಮ್ನೆ ಕಾಯೋದು ತಾನೇ? ಯಾಕೆ ಕಾಯ್ಲಿಲ್ಲ?"

"ಎಲ್ಲ ದಿನ ಅಲ್ಲ. ಕೆಲವು ದಿನ."

"ಯಾವ ದಿನ?"

ಅವಳು ನೆಲದ ಮೇಲಿನ ಬಿಳಿ ಪಟ್ಟಿಯನ್ನೇ ನೋಡಿದಳು. "ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದ ದಿನ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖದಲ್ಲಿ ಏನೇನೋ ಒಂದರ ಮೇಲೊಂದು ಬಂದು ಹೋದವು. ಅದರಲ್ಲಿ ಯಾವುದು ತನಗೆ, ಯಾವುದು ಅತ್ತೆಯ ಕಾಲಿಗೆ ಎಂದು ಅವಳಿಗೆ ಬಿಡಿಸಲಾಗಲಿಲ್ಲ. ಅವನು ಅವಳನ್ನು ದಾಟಿ ಹೋದ.

ಅವಳೂ ಹಿಂದೆ ಹೋದಳು. ಅತ್ತೆಗೆ ತಾನೇ ಹೇಳಬೇಕಿತ್ತು. ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು, ಬೆಂಚಿನ ವಿಷಯವನ್ನೂ ಮುಚ್ಚಿಡಲಿಲ್ಲ. ಜ್ವರದಲ್ಲಿ ಅತ್ತೆಯ ಕಣ್ಣುಗಳು ಕೆಂಪಾಗಿದ್ದವು.

"ನಾನು ಎಷ್ಟೋ ಜನರ ಬಟ್ಟೆ ತಪ್ಪು ಕತ್ತರಿಸಿದ್ದೀನಿ," ಎಂದಳು ಅತ್ತೆ ಕೊನೆಗೆ. "ಬಟ್ಟೆ ಬೇರೆ ತರಬಹುದು. ಇದು ಕಾಲು." ಪಟ್ಟಿ ಸುತ್ತಿದ ಕಾಲನ್ನು ನೋಡಿ, "ಇವತ್ತು ಬಂದು ಹೇಳಿದೆ. ನಾಳೆ ಹೇಳಿದ್ರೆ ನಿನ್ನ ಮುಖ ನೋಡ್ತಿರಲಿಲ್ಲ. ಈಗ ಹೋಗು, ಸರ್ಜನ್ನನ್ನ ಕರೀಲಿ," ಎಂದು ಗೋಡೆಯ ಕಡೆ ತಿರುಗಿದಳು.

ಎರಡು ಬೆರಳು ಅಂದಿದ್ದು ಮೂರಾಯಿತು. ಕಾಲು ಉಳಿಯಿತು, ಜೀವ ಉಳಿಯಿತು. ಆ ಮೂರನೆಯ ಬೆರಳು ಮಾತ್ರ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ದೊಡ್ಡ ಮೇಡಂ, ಅವಳ ಗುರು, ಎಲ್ಲ ಕೇಳಿ ಬೈಯಲಿಲ್ಲ. ಹಳೆಯ ತಟ್ಟೆಗಳ ಫಲಿತಾಂಶವನ್ನೆಲ್ಲ ತೆಗೆದುಹಾಕಿ ಬೇರೆ ಗಿಡಗಳಿಂದ ಮೊದಲಿಂದ ಶುರುಮಾಡು ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಅವನು ಬರಲಿಲ್ಲ. ಹತ್ತಿಕಡ್ಡಿಗಳನ್ನು ಅಟೆಂಡರನೇ ತರುತ್ತಿದ್ದ, ಅವನ ಸೊಂಟ ಸುಖವಾಗಿತ್ತು. ಅವಳು ದಿನಾ ಸಂಜೆ ಅತ್ತೆಯನ್ನು ನೋಡಲು ಹೋಗುತ್ತಿದ್ದಳು. ಅವನು ಅಲ್ಲಿದ್ದರೆ ಎದ್ದು ಕುರ್ಚಿ ಬಿಟ್ಟುಕೊಟ್ಟು ಹೊರಗೆ ನಡೆಯುತ್ತಿದ್ದ. ಸಿಟ್ಟೋ ಸಂಕೋಚವೋ, ಬೆನ್ನು ನೋಡಿ ಹೇಳಲು ಬರುವುದಿಲ್ಲ. ಅತ್ತೆಯೂ ಮೊದಮೊದಲು ಗುಂಡಿಗಳನ್ನು ಬಣ್ಣ ಬಣ್ಣ ಬೇರೆ ಮಾಡಲು ಹೇಳಿ ತನ್ನ ಹೊಲಿಗೆಗೆ ತಿರುಗುತ್ತಿದ್ದಳು. ಒಂದು ದಿನ ಸೂಜಿ ಅವಳ ಕೈಗಿತ್ತು, "ಪೋಣಿಸು, ನನಗೆ ಕಣ್ಣು ಸಾಲದು," ಎಂದಳು. ಅವಳು ಒಂದೇ ಸಲಕ್ಕೆ ಪೋಣಿಸಿದಳು.

"ಅವಸರ ಇಲ್ಲದಿದ್ರೆ ನಿನ್ನ ಕೈ ಒಳ್ಳೇದೇ," ಎಂದು ಅತ್ತೆ ತನಗೆ ತಾನೇ ಎಂಬಂತೆ ಅಂದಳು. "ನನ್ನ ಅಳಿಯಂದು ಬೇರೆ ರೋಗ. ಅವನಿಗೆ ಬಾಯಿ ಕಟ್ಟಿದೆ."

ಅತ್ತೆ ಮನೆಗೆ ಹೋದ ಮೇಲೆ, ಒಂದು ಬೆಳಿಗ್ಗೆ ಅವಳು ಹೊಸದೊಂದು ತೊಗಟೆಯ ಸಾರದಲ್ಲಿ ಬಿಲ್ಲೆಗಳನ್ನು ಅದ್ದಿ ಪೆಟ್ಟಿಗೆಯಲ್ಲಿ ಒಣಗಲು ಇಡುತ್ತಿದ್ದಳು. ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಟ್ರೇ ಇರಲಿಲ್ಲ. ಬರಿಗೈ ಎಲ್ಲಿಡಬೇಕೆಂದು ಗೊತ್ತಾಗದೆ ಒಮ್ಮೆ ಜೇಬಿಗೆ, ಒಮ್ಮೆ ಬಾಗಿಲ ಚೌಕಟ್ಟಿಗೆ ಇಟ್ಟ. ಗಾಜಿನ ಅಕ್ಕ ನಲ್ಲಿ ನಿಲ್ಲಿಸಿ, ಏನೋ ನೆನಪಾದವಳಂತೆ ಹಿಂದಿನ ಕೋಣೆಗೆ ಹೋದಳು.

"ಅತ್ತೆ ಮಷೀನ್ ಹತ್ರ ಕೂತ್ರು ನಿನ್ನೆ," ಅಂದ. "ಎಡಗಾಲಲ್ಲಿ ತುಳಿಯೋಕೆ ಕಲೀತಿದ್ದಾರೆ. ಹೊಲಿಗೆ ಹಾವಿನ ಹಾಗೆ ಹೋಗ್ತಿದೆ, ಬೈಗುಳ ನೇರವಾಗಿ ಬರ್ತಿದೆ."

ಅವಳು ನಗಲಿಲ್ಲ. "ನನ್ನ ಮೇಲೆ ಸಿಟ್ಟಿದ್ರೆ ಹೇಳಿಬಿಡಿ. ಬೆನ್ನು ನೋಡಿ ನೋಡಿ ಸಾಕಾಯ್ತು."

"ಸಿಟ್ಟು ನನ್ನ ಮೇಲೆ." ಅವನು ನೆಲ ನೋಡಿದ. "ನಾನು ದಿನಾ ಗಾಯ ನೋಡೋನು. ಆ ಎರಡು ಬೆರಳು ಉಳಿಯಲ್ಲ ಅಂತ ನನಗೆ ಗೊತ್ತಿತ್ತು. ಅತ್ತೆ ಕಾಯ್ತೀನಿ ಅಂದಾಗ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಎಲೆ ಮುಗಿದ್ರೆ ಇಲ್ಲಿ ಬರೋಕೆ ನನಗೆ ನೆಪ ಏನಿರತ್ತೆ ಅನ್ನೋದು ಒಳಗೆಲ್ಲೋ ಇತ್ತು. ಆ ಮೂರನೇ ಬೆರಳು ನಿಮ್ಮೊಬ್ಬರ ತಪ್ಪಲ್ಲ. ಅತ್ತೆಗೂ ಹೇಳಿದೆ. ಅವರು ಅಳತೆ ಟೇಪಲ್ಲಿ ಬಾರಿಸಿದ್ರು."

ಒಬ್ಬಳೇ ಹೊತ್ತಿದ್ದ ಭಾರದ ಇನ್ನೊಂದು ತುದಿಯನ್ನು ಯಾರೋ ಹಿಡಿದ ಹಾಗಾಯಿತು. ಭಾರ ಹೋಗಲಿಲ್ಲ. ನಡೆಯಬಹುದು ಅನಿಸಿತು.

"ಕೇಳೋಕೆ ಎರಡು ವಿಷಯ ಇವೆ," ಅಂದ ಅವನು. "ನೆಪ ಇಲ್ಲದೆ ಇಲ್ಲಿಗೆ ಬರಬಹುದಾ? ಇನ್ನೊಂದು, ನಮ್ಮ ಮನೆಗೆ ನೀವು ಬರ್ತೀರಾ? ಅತ್ತೆನ ನೋಡ್ಕೊಂಡು ಹೋಗೋಕಲ್ಲ. ಇರೋಕೆ."

ಅವಳ ಕೈ ತಾನಾಗಿಯೇ ಪೆಟ್ಟಿಗೆಯ ಹಿಡಿಯ ಕಡೆ ಹೋಯಿತು. ಹೋದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

"ಬಿಲ್ಲೆ ಒಣಗಬೇಕು," ಅಂದಳು. "ಹೊರಗೆ ಕೂತಿರಿ."

"ಎಷ್ಟು ಹೊತ್ತು?"

"ಪೂರ್ತಿ ಒಣಗೋವರೆಗೆ."

ಅವನು ಕೂತ. ಬೆಂಚು ಕಿರುಗುಟ್ಟಿತು. ಅವಳು ಕೈಕಟ್ಟಿ ಪೆಟ್ಟಿಗೆಯ ಮುಂದೆ ನಿಂತಳು. ಕಾಯುವುದು ಇಷ್ಟು ಸಿಹಿಯೂ ಇಷ್ಟು ಕಷ್ಟವೂ ಆಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೊರಗಿನಿಂದ ಒಮ್ಮೆ ಕೆಮ್ಮು ಕೇಳಿಸಿತು. ಇನ್ನೊಮ್ಮೆ ನಿಟ್ಟುಸಿರು. ಹಿಂದಿನ ಕೋಣೆಯಿಂದ ಗಾಜಿನ ಅಕ್ಕ ಇಣುಕಿ, ತಲೆ ಚಚ್ಚಿಕೊಂಡು ಒಳಗೆ ಹೋದಳು. ಅವಳು ಕದಲಲಿಲ್ಲ. ಸ್ಪಿರಿಟ್ಟಿನ ವಾಸನೆ ಪೂರ್ತಿ ಹೋದ ಮೇಲೆ ಬಿಲ್ಲೆಗಳನ್ನು ತೆಗೆದು, ಚಿಮಟದಿಂದ ಒಂದೊಂದಾಗಿ ತಟ್ಟೆಗಳಲ್ಲಿಟ್ಟಳು. ಸಾಕ್ಷಿಯದನ್ನೂ ಇಟ್ಟಳು. ಮುಚ್ಚಿದಳು. ಕೈ ತೊಳೆದು ಒರೆಸಿಕೊಂಡಳು.

ಹೊರಗೆ ಬಂದಾಗ ಅವನು ಎದ್ದು ನಿಂತ.

"ಹೂಂ," ಅಂದಳು.

ಅವನು ಗೊಂದಲದಿಂದ ಅವಳನ್ನು ನೋಡಿದ. "ಯಾವುದಕ್ಕೆ? ನಾನು ಎರಡು ಕೇಳಿದ್ದೆ."

ಅವಳು ಬೆಂಚಿನ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯನ್ನು ಅವನಿಗೆ ಬಿಟ್ಟಳು. "ಎರಡಕ್ಕೂ."